ವಾರ್ಡಿನೊಳಗೆ ಇಂಚು, ಸೆಂಟು

ಚಿಕ್ಕಮಗಳೂರಿನ ನರ್ಸಿಂಗ್ ಹೋಮ್ ಒಂದರಲ್ಲಿ ನಾನು ಮೇಟ್ರನ್ ಆಗಿದ್ದಷ್ಟು ಕಾಲವೂ ರೋಗಿಗಳ ಜ್ವರ ಇಳಿಯುತ್ತಿತ್ತು, ಅಳತೆಯ ತಕರಾರು ಮಾತ್ರ ಇಳಿಯುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಇಂಗ್ಲಿಷಿನಲ್ಲಿ ನೀರನ್ನು ಒಂದು, ಎರಡು ಎಂದು ಎಣಿಸುವ ಹಾಗಿಲ್ಲ. ಎ ಗ್ಲಾಸ್ ಆಫ್ ವಾಟರ್, ಎ ಲಂಪ್ ಆಫ್ ಶುಗರ್ ಎಂದು ಪ್ರತಿಯೊಂದಕ್ಕೂ ಅದರದೇ ಮಾತು. ಬೆಲ್ಲದ ಮನೆಗಳಿಂದ ಬಂದ ನಾವ್ಯಾರೂ ಲಂಪ್ ಎಂಬ ಸಕ್ಕರೆಯ ಗಟ್ಟಿಯನ್ನು ಕಂಡಿರಲಿಲ್ಲ. ಹೇಳುವಾಗ ತಪ್ಪುತ್ತಲೂ ಇರಲಿಲ್ಲ. ಆ ಶಿಸ್ತನ್ನೇ ವಾರ್ಡಿಗೂ ತಂದೆ.

೧. ಎ ಲಿಟಲ್

ತೊಂಬತ್ತರ ದಶಕದ ಒಂದು ಮಾರ್ಚ್. ವಸ್ತಾರೆ ಕಡೆಯ ಪ್ಲಾಂಟರ್ ಒಬ್ಬರು ಪ್ರಾಸ್ಟೇಟ್ ಆಪರೇಷನ್ ಆಗಿ ಮಲಗಿದ್ದರು. ಕಾಫಿ ಗಿಡಗಳಲ್ಲಿ ಮೊಗ್ಗು ಕೂತಿತ್ತು. ಬೇಗ ತೋಟ ಸೇರಬೇಕೆಂಬುದೊಂದೇ ಅವರ ಚಿಂತೆ. ಮೂತ್ರಕ್ಕೆ ಹಾಕಿದ್ದ ಪೈಪ್ ತೆಗೆದ ಮೇಲೆ ಅದು ತಾನಾಗಿ, ಸಾಕಷ್ಟು ಬಂದರೆ ಮಾತ್ರ ಮನೆಗೆ ಎಂದಿದ್ದರು ಡಾಕ್ಟರು. ಆದ್ದರಿಂದ ಕುಡಿದದ್ದನ್ನೂ ಬಿಟ್ಟದ್ದನ್ನೂ ಅಳೆದು ಬರೆಯಬೇಕಿತ್ತು.

ಅವರು ಕುಡಿದ ಗಂಜಿಗೆ ಸಂಸೆ ಕಡೆಯ ನರ್ಸ್ 'ಎ ಲಿಟಲ್' ಎಂದು ಬರೆದಿದ್ದಳು.

"ಎ ಲಿಟಲ್ ಅಂದರೆ ಎಷ್ಟು?" ಎಂದೆ.

"ನೀವು ಬಾಗಿಲಲ್ಲಿ ನಿಂತಿದ್ದಾಗ ಅರ್ಧ ಲೋಟ ಕುಡಿದ್ರು ಮೇಡಂ. ನೀವು ಆಚೆ ಹೋದ್ಮೇಲೆ, ಉಳಿದಿದ್ದು ನೀನೇ ಕುಡಿ ಅಂದ್ರು."

"ಕುಡಿದೆಯಾ?"

"ಎ ಲಿಟಲ್, ಮೇಡಂ."

೨. ಚೆನ್ನಾಗಿ ಬಂತು

ಒಂದು ಮಧ್ಯಾಹ್ನ ಮಳೆ ಸುರಿಯಿತು. ಮೊಗ್ಗು ಅರಳಿಸುವ ಹೂವಿನ ಮಳೆ. ಅದು ಸಾಲದೆ ಹೋದರೆ ಮೊಗ್ಗು ಅರ್ಧ ಬಿರಿದು ಕೆಡುತ್ತದೆ, ಕೂಡಲೇ ಸ್ಪ್ರಿಂಕ್ಲರ್ ಪೈಪ್ ಜೋಡಿಸಿ ನೀರು ಹಾಯಿಸಬೇಕು. ಹಾಗಾಗಿ ನಮ್ಮ ಪ್ಲಾಂಟರುಗಳು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ; ನೂರು ಸೆಂಟಿಗೆ ಒಂದು ಇಂಚು. ನನ್ನ ಡಿಕ್ಷನರಿಯಲ್ಲಿ ಸೆಂಟ್ ಎಂದರೆ ಪರದೇಶದ ಚಿಲ್ಲರೆ ಕಾಸು; ಮಳೆಯ ಸುದ್ದಿಯೇ ಇಲ್ಲ.

ಪ್ಲಾಂಟರು ಒಂದು ಕೈಯಲ್ಲಿ ಮೂತ್ರದ ಚೀಲ ಹಿಡಿದು ನನ್ನ ಮೇಜಿನ ಫೋನಿಗೆ ಬಂದರು. ಅವರ ಹೆಂಡತಿಯ ದನಿ ನನಗೂ ಕೇಳುವಷ್ಟು ದೊಡ್ಡದು.

"ತೋಟಕ್ಕೆ ಎಷ್ಟು ಬಂತು?"

"ಚೆನ್ನಾಗಿ ಬಂತು ರೀ."

"ಚೆನ್ನಾಗಿ ಅಂದ್ರೆ ಎಷ್ಟು ಮಾರಾಯ್ತಿ? ಮಳೆ ಅಳೆಯೋ ಗೇಜ್ ನೋಡ್ಲಿಲ್ವಾ?"

"ಗೇಜ್ ನೋಡ್ತಾ ನಿಂತಿದ್ರೆ ಒಣಗಾಕಿದ್ದ ಹಪ್ಪಳ ಯಾರು ಎತ್ತೋರು? ಗೇಜ್ ಗಾಳಿಗೆ ಬಿದ್ದೇ ಹೋಗಿದೆ."

ಪ್ಲಾಂಟರು ಸೋತ ದನಿಯಲ್ಲಿ ಕೇಳಿದರು: "ಹಪ್ಪಳ ಎಷ್ಟು ನೆಂದಿದೆ?"

೩. ಬ್ಯಾಕಿಂಗ್

ಮರುದಿನ ಬೆಳಿಗ್ಗೆ ಪೈಪ್ ತೆಗೆದೆವು. ಅಳತೆಯ ಜಾಡಿ ಕೊಟ್ಟು, ಎಂ.ಎಲ್. ಗುರುತು ನೋಡಿ ಹೇಳಬೇಕೆಂದೆ. ಬಚ್ಚಲಿನಿಂದ ಬಂದವರು "ಅರವತ್ತು ಸೆಂಟ್" ಎಂದರು.

"ಈ ವಾರ್ಡಿನಲ್ಲಿ ಸೆಂಟ್ ನಡೆಯುವುದಿಲ್ಲ."

"ಎಂ.ಎಲ್. ಅಂದ್ರೆ ಔಷಧಿ ಅನ್ಸುತ್ತೆ ಮೇಡಂ. ಸೆಂಟ್ ಅಂದ್ರೇನೇ ಏನೋ ಬಂತು ಅಂತ ಸಮಾಧಾನ."

ಈ ಮಾತನ್ನು ತಿದ್ದಲು ಬರಲಿಲ್ಲ. ಯಾವುದು ಬರಲಿ ಎಂದು ಮನುಷ್ಯ ಮುಗಿಲು ನೋಡುತ್ತಾನೋ ಅದರ ಅಳತೆಯೇ ಅವನ ಬಾಯಿಗೆ ಬರುತ್ತದೆ; ಅದನ್ನು ಯಾವ ಶಾಲೆಯೂ ಕಲಿಸಬೇಕಾಗಿಲ್ಲ. ಚಾರ್ಟಿನಲ್ಲಿ ಮಾತ್ರ, ಜಾಡಿಯ ಗುರುತು ನಾನೇ ನೋಡಿ, ಎಂ.ಎಲ್. ಎಂದೇ ಬರೆದೆ.

ಡಾಕ್ಟರು ಬಂದು ಚಾರ್ಟ್ ನೋಡಿದರು. ಮೂಡಿಗೆರೆಯಲ್ಲಿ ಅವರಿಗೂ ತೋಟವಿದೆ.

"ಹೂವಿನ ಮಳೆ ಆದ ಹಾಗಾಯ್ತು," ಎಂದರು. "ಬ್ಯಾಕಿಂಗ್ ಬರ್ಲಿ, ಕಳಿಸ್ತೀನಿ." ಹೂವು ಕಾಯಿಕಟ್ಟಲು ಬೇಕಾದ ಎರಡನೆಯ ಮಳೆಗೆ ಬ್ಯಾಕಿಂಗ್ ಎನ್ನುತ್ತಾರೆ.

"ಬರ್ಲಿಲ್ಲ ಅಂದ್ರೆ ಡಾಕ್ಟ್ರೇ?"

"ತೋಟದಲ್ಲಾದ್ರೆ ಏನ್ ಮಾಡ್ತೀರಿ? ಪೈಪ್ ಜೋಡಿಸೋದೇ."

ಪ್ಲಾಂಟರು ಗಾಬರಿಯಿಂದ ಜಗ್ಗಿನ ನೀರೆಲ್ಲ ಕುಡಿದು ಕೂತರು. ಅಕ್ಕಪಕ್ಕದ ಮಂಚದವರೂ ತಮ್ಮ ನೋವು ಮರೆತು ಬಚ್ಚಲಿನ ಬಾಗಿಲನ್ನೇ ನೋಡತೊಡಗಿದರು. ಮಧ್ಯಾಹ್ನ ಪ್ಲಾಂಟರು ಒಳಹೋದರು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

"ಎಷ್ಟು?" ಎಂದು ಎಲ್ಲ ಮಂಚಗಳಿಂದಲೂ ಒಟ್ಟಿಗೇ ಕೇಳಿತು.

ಪ್ಲಾಂಟರು ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಬೆಳಕಿಗೆ ತಿರುಗಿ ನಿಂತರು.

"ಒಂದಿಂಚು ಇಪ್ಪತ್ತು ಸೆಂಟ್. ಮೇಡಂ, ತೋಟದಿಂದ ಜೀಪ್ ಕಳಿಸೋಕೆ ಹೇಳಿ."