ಶನಿವಾರದವರೆಗೆ ಸಹಿ

ಸಹಿ ಹಾಕುವುದರಲ್ಲಿ ನನ್ನಷ್ಟು ಧಾರಾಳಿ ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾವಿನ್ನೂ ಮದರಾಸಿಗೆ ಸೇರಿದ್ದ ಕಾಲ. ನಾನು ಕಚೇರಿಯ ಗುಮಾಸ್ತ. ಬಿಸಿಲಿಗೆ ಮೆದುಳು ಕರಗಿ ಹೋದ ಮೇಲೂ ಕೈ ತನ್ನಷ್ಟಕ್ಕೆ ಸಹಿ ಹಾಕುತ್ತಲೇ ಇರುತ್ತಿತ್ತು. ಓದಿ ಸಹಿ ಹಾಕುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಹಾಗಾಗಿ ಅನಾಥಾಶ್ರಮದ ವಾರ್ಡನಮ್ಮ ಬಂದು, "ನಮ್ಮ ಹುಡುಗಿಗೊಬ್ರು ಪೋಷಕರು ಬೇಕಾಗ್ಯಾರ್ರಿ. ದಿನಾ ಸಂಜಿಗೆ ಪಾಠ ಒಪ್ಪಿಸಿಕೊಂಡು ಒಂದು ಸಹಿ ಹಾಕಿದ್ರ ಸಾಕು" ಎಂದಾಗ, ಕೊನೆಯ ನಾಲ್ಕು ಮಾತಷ್ಟೇ ಕಿವಿಗೆ ಬಿದ್ದು ಹೂಂ ಅಂದುಬಿಟ್ಟೆ.

ಹುಡುಗಿ ಹುಲಿಗೆಮ್ಮ, ಸಿರಿಗೇರಿ ಕಡೆಯವಳು. ಹನ್ನೊಂದು ವರ್ಷ, ಹಿಂದೆ ಮುಂದೆ ಯಾರೂ ಇಲ್ಲ. ಹೈಸ್ಕೂಲಿನ ಫ್ರೀ ಸೀಟು ಸಿಗಬೇಕಾದರೆ ಪೋಷಕರ ಸಹಿ ಇರುವ ಪುಸ್ತಕ ಶಾಲೆಗೆ ಹೋಗಬೇಕು. ಸೀಟು ತಪ್ಪಿದರೆ ಅವಳ ಓದು ಅಲ್ಲಿಗೇ ಖತಂ. ವಾರದ ಪಾಠಗಳ ಪಟ್ಟಿಯೂ ಆ ಪುಸ್ತಕದಲ್ಲೇ ಇತ್ತು. ಮೊದಲ ವಾರ ದಿನಾ ಸಂಜೆ ಆಶ್ರಮಕ್ಕೆ ಬಲು ಶಿಸ್ತಿನಿಂದ ಹೋದೆ. ಎರಡನೆಯ ವಾರ ಗೆಳೆಯರ ಇಸ್ಪೀಟು ಮಂಡಲಿ, ಮಂಡಕ್ಕಿ ಒಗ್ಗರಣೆ, ಬಿಸಿಬಿಸಿ ಮಿರ್ಚಿ, ಮೂರೂ ಒಟ್ಟಿಗೇ ಕರೆದವು. ಸೋಮವಾರವೇ ಕೂತು ಶನಿವಾರದವರೆಗೂ "ಪಾಠ ಕೇಳಿದೆ" ಎಂದು ಗೀಚಿ ಸಹಿ ಜಡಿದೆ. ಆಹಾ, ಎಂಥ ತಲೆಯಪ್ಪ ನಂದು ಅಂತ ಬೆನ್ನು ತಟ್ಟಿಕೊಂಡದ್ದೂ ಉಂಟು.

ಬುಧವಾರ ಶಾಲೆಯಿಂದ ಕರೆ ಬಂತು. ದೊಡ್ಡ ಟೀಚರಮ್ಮ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದರು, ಪಕ್ಕದಲ್ಲಿ ಹುಲಿಗೆಮ್ಮ.

"ಏನ್ರೀ, ಶನಿವಾರದ ಪಾಠ ಬುಧವಾರಕ್ಕೇ ಕೇಳಿಬಿಟ್ಟೀರಿ? ಜ್ಯೋತಿಷ್ಯನೂ ಬರತೈತೇನು? ಇಂಥ ಪೋಷಕರನ್ನ ನಂಬಿ ಸೀಟು ಹೆಂಗ ಕೊಡ್ಲಿ?"

ನನ್ನ ಮಿರ್ಚಿಯ ಚಪಲಕ್ಕೆ ಮಗುವಿನ ಓದು ಮಣ್ಣುಪಾಲಾಯಿತಲ್ಲ ಎಂದು ನಿಜಕ್ಕೂ ಅಳು ಬಂತು. ಅಷ್ಟರಲ್ಲಿ ಹುಲಿಗೆಮ್ಮ ಕೈಕಟ್ಟಿ ನಿಂತು ಶುರುಮಾಡಿದಳು ನೋಡಿ! ಗುರುವಾರದ ನದಿಗಳು, ಶುಕ್ರವಾರದ ಪದ್ಯ, ಶನಿವಾರದ ಹತ್ತೊಂಬತ್ತರ ಮಗ್ಗಿ, ಎಲ್ಲ ಒಂದೇ ಉಸಿರಿಗೆ. ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು.

"ಇನ್ನೂ ಹೇಳಿಕೊಟ್ಟೇ ಇಲ್ಲಲ್ಲೇ ಇದನ್ನ!"

"ಮಾಮ ಸಹಿ ಹಾಕಿಬಿಟ್ಟಾರಲ್ರಿ. ನನಗಂತ ಯಾರೂ ಸಹಿ ಹಾಕಿದ್ದಿಲ್ರಿ. ಅದು ಸುಳ್ಳಾಗಬಾರದಂತ ಮ್ಯಾಲಿನ ಕ್ಲಾಸಿನ ಅಕ್ಕಾರನ್ನ ಕೇಳಿ ಕಲ್ತೀನ್ರಿ."

ಟೀಚರಮ್ಮ ಕನ್ನಡಕ ಮೇಲಕ್ಕೇರಿಸಿಕೊಂಡು, ಸೀಟು ಗ್ಯಾರಂಟಿ ಎಂದರು. ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಆದರೆ ಅವರು ಮೇಜಿನಿಂದ ಇನ್ನೊಂದು ಪುಸ್ತಕ ತೆಗೆದು ಹುಲಿಗೆಮ್ಮನ ಕೈಗಿಟ್ಟರು. ದಿನಾ ನಾನು ಬಂದೆನೆಂದು ಇನ್ನು ಮೇಲೆ ಅವಳು ಸಹಿ ಹಾಕಬೇಕಂತೆ!

ಮುಂದಿನ ವಾರವೇ ಮಂಡಲಿಯವರು ಮತ್ತೆ ಕರೆದರು. "ಎರಡೇ ದಿನದ್ದು, ಮುಂಚೇನೇ ಹಾಕಿಬಿಡವ್ವ ನಮ್ಮವ್ವ" ಎಂದು ಹುಲಿಗೆಮ್ಮನನ್ನು ಪುಸಲಾಯಿಸಿದೆ. ಅವಳು ಪೆನ್ಸಿಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಅದ್ಹೆಂಗ್ರಿ ಮಾಮ? ನೀವು ಹಾಕಿದ್ದಕ್ಕ ನಾ ಕಲ್ತೆ. ನಾ ಹಾಕಿದ್ರ ನೀವು ಬರ್ತೀರಂತ ಏನು ಗ್ಯಾರಂಟಿ?"

ನಲವತ್ತರ ಗಂಡಸು ನಾನು, ತೆಪ್ಪಗೆ ಚಾಪೆ ಹಾಸಿಕೊಂಡು ಕೂತೆ.