ಒಂದು ದಿನ ಮೊದಲೇ ಬಂದ ಏಕಾದಶಿ

ಸೇಡಂನಲ್ಲಿ ಕುಳಿತು ಇಡೀ ಜಗತ್ತಿಗೆ ಏಕಾದಶಿ ಮಾರುತ್ತೇನೆಂದು ನಾನು ಘೋಷಿಸಿದ್ದು ೨೦೦೮ರ ಯುಗಾದಿಯಂದು! ಮನೆಗೆ ಇಂಟರ್ನೆಟ್ ಬಂದು ತಿಂಗಳಾಗಿತ್ತು. ವರ್ಷದ ಎಲ್ಲ ಏಕಾದಶಿ, ಪಾರಣೆಯ ವೇಳೆ ಸೇರಿಸಿದ ಒಂದು ಫೈಲು. ಬ್ಯಾಂಕಿಗೆ ದುಡ್ಡು ಕಟ್ಟಿದವರಿಗೆ ಈಮೇಲಿನಲ್ಲಿ ರವಾನೆ. ಅಂಗಡಿಯಿಲ್ಲ, ತಕ್ಕಡಿಯಿಲ್ಲ, ಇಲಿಯ ಕಾಟವಿಲ್ಲ!

"ಗ್ವಾಡಿ ಮ್ಯಾಲೆ ಪಂಚಾಂಗ ಇರೂವಾಗ ಇದನ್ನ ಯಾರು ತಗೋತಾರ್ರೀ?" ಎಂದಳು ಹೆಂಡತಿ ಶ್ರೀವಿದ್ಯಾ.

"ಆಫೀಸಿಗೆ ಗ್ವಾಡಿ ಹೊತ್ತುಕೊಂಡು ಹೋಗಲಿಕ್ಕಾಗ್ತದೇನು?" ಎಂದು ಗರ್ಜಿಸಿ, ಮೊಳೆಯಲ್ಲಿದ್ದ ಪಂಚಾಂಗವನ್ನು ಕಿತ್ತು ಟ್ರಂಕಿಗೆ ಹಾಕಿದೆ. ಕ್ರಾಂತಿಗೆ ತ್ಯಾಗ ಬೇಕಲ್ಲ!

ಹನ್ನೊಂದು ಗಿರಾಕಿಗಳಾದರು. ಎಲ್ಲರೂ ನಂಟರೇ ಎಂಬುದು ವ್ಯಾಪಾರದ ಗುಟ್ಟು. ಮೊದಲ ಗಿರಾಕಿ ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಪದ್ಮಾಬಾಯಿ. ಎಪ್ಪತ್ತಾರು ವಯಸ್ಸು, ಅರವತ್ತು ವರ್ಷಗಳ ನಿರ್ಜಲ ಏಕಾದಶಿಯ ಖ್ಯಾತಿ! ಸೆರಗಿನ ಗಂಟು ಬಿಚ್ಚಿ, "ಜಯ್ಯಾ, ನನ್ನ ವ್ರತ ನಿನ್ನ ಪೆಟ್ಟಿಗಿ ಮ್ಯಾಲೆ ಬಿಟ್ಟೀನಿ ನೋಡಪಾ" ಎಂದರು.

ಮೊದಲ ಏಕಾದಶಿ ಬಂತು. ಪರಸಿಕಲ್ಲಿನ ನೆಲವೂ ಕಾಯುವ ಬಿಸಿಲು. ಅತ್ತೆ ಹನಿ ನೀರೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೇ ಪಾರಣೆಯ ಎಲೆ ಹಾಕಿದೆವು. ಬಿಸಿ ಅನ್ನದ ಮೇಲೆ ತುಪ್ಪ ಬಿತ್ತು. ಅಷ್ಟರಲ್ಲಿ ಗುಡಿಯ ಅರ್ಚಕ ಪವಮಾನಾಚಾರ್ಯರು ಹೂವಿಗೆಂದು ಬಂದವರು ಬಾಗಿಲಲ್ಲೇ ಕಲ್ಲಾದರು.

"ಜಯತೀರ್ಥಾ! ಏಕಾದಶಿ ದಿನ ಎಲಿ ಹಾಕೀರಲ್ಲೋ!"

"ಏಕಾದಶಿ ನಿನ್ನೇನೇ ಆತಲ್ರೀ ಆಚಾರ್ರೆ?"

"ನಿನ್ನಿ ದಶಮಿ! ಯಾವ ಪಂಚಾಂಗ ನೋಡಿದ್ಯೋ?"

"ನಂದು..." ಎಂದೆ.

ಓಡಿಹೋಗಿ ಕಂಪ್ಯೂಟರ್ ತೆರೆದೆ. ಫೈಲಿನ ತಲೆಯ ಮೇಲೆ ಹನುಮಂತನ ಚಿತ್ರ ಕೂರಿಸಲು ಜಾಗ ಸಾಲದೆ, ದಿನದಿನದ ತಿಥಿಗಳ ಪಟ್ಟಿಯಲ್ಲಿ ಒಂದು ಖಾನೆ ಅಳಿಸಿದ್ದೆ. ಇಡೀ ವರ್ಷದ ತಿಥಿಗಳು ಒಂದೊಂದು ದಿನ ಮೇಲಕ್ಕೆ ಜಾರಿದ್ದವು! ಸೂರ್ಯಚಂದ್ರರನ್ನು ಒಂದೇ ಬೆರಳಿನಲ್ಲಿ ಕದಲಿಸಿದ ಮಹಾಪುರುಷ ನಾನು!

ಫೋನು ಬಡಿದುಕೊಂಡಿತು. ಶಹಾಬಾದಿನ ದಾಯಾದಿ ನಂದಕಿಶೋರ್.

"ಅಣ್ಣಾ, ಗುಡಿಯಾಗ ಇವತ್ತ ಏಕಾದಶಿ ಅಂತ! ಅವ್ವ ಎರಡನೇ ಸಲ ಅನ್ನ ಹಾಕಿಸ್ಕೊಂಡಾಳ. ಬಾಯಾಗಿಂದು ನುಂಗ್ಲೋ, ಉಗುಳ್ಲೋ ಅಂತ ಕೈಸನ್ನಿ ಮಾಡ್ಲಿಕ್ಹತ್ತಾಳ!"

"ನುಂಗಲಿ! ಪಾಪ ನನಗಿರಲಿ!" ಎಂದು ಫೋನಿಟ್ಟೆ.

ಇತ್ತ ಅತ್ತೆ ಎಲೆಯನ್ನು ದೂರ ಸರಿಸಿದ್ದರು. "ಇವತ್ತೂ ಮಾಡ್ತೀನಿ."

ಈ ಬಿಸಿಲಲ್ಲಿ ಎರಡನೇ ದಿನವೂ ನೀರಿಲ್ಲದೆ! ಅಂಗಡಿ ಮುಳುಗಿದರೂ ಸರಿ, ಅತ್ತೆ ಉಳಿದರೆ ಸಾಕೆಂದು ಕಾಲಿಗೆ ಬಿದ್ದೆ. "ಅತ್ತೀ, ಬ್ಯಾಡ್ರಿ! ನಿಮ್ಮ ವ್ರತ ಕೆಡಿಸಿದವ ನಾನು, ನಾನ ಮಾಡ್ತೀನಿ!"

ಆಚಾರ್ಯರೂ ಕರಗಿದರು. "ವಯಸ್ಸಾದವ್ರಿಗೆ ಹಾಲು, ಹಣ್ಣು ನಡೀತದ್ರೀ ಪದ್ಮಾಬಾಯಾರ."

ಅತ್ತೆ ಸಣ್ಣ ದನಿಯಲ್ಲಿ ಕೇಳಿದರು, "ಆ ಹಾಲಿಗೆ ಒಂದು ಚಿಮಟಿ ಚಹಾಪುಡಿ ಹಾಕಿದ್ರ?"

ಎಲ್ಲರೂ ಅತ್ತೆಯತ್ತ ತಿರುಗಿದೆವು!

"ಯಾಕ ಹಂಗ ನೋಡ್ತೀರಿ? ಎಷ್ಟು ಏಕಾದಶಿಗೆ ಹಿತ್ತಲದಾಗ ನಿಂತು ಚಹಾ ಕುಡದೀನೋ ಲೆಕ್ಕಿಲ್ಲ. ಜಯ್ಯಾ ಖರ್ಚು ಮಾಡಿ ಪೆಟ್ಟಿಗಿ ತಂದಾನ ಅಂತ ನಿನ್ನಿ ಒಂದ ಖರೇ ನಿರ್ಜಲ ಮಾಡಿದ್ದೆ. ಅದೂ ದಶಮಿಗೆ ಹೋತು!"

ಆಚಾರ್ಯರು ನಕ್ಕ ರಭಸಕ್ಕೆ ಹೂಬುಟ್ಟಿ ಉರುಳಿತು.

ಮಧ್ಯಾಹ್ನ ಶ್ರೀವಿದ್ಯಾ ಟ್ರಂಕಿನ ಪಂಚಾಂಗ ತೆಗೆದು ಒಂದೊಂದೇ ದಿನಾಂಕ ಓದಿದಳು, ನಾನು ತಿದ್ದಿದೆ. ಕೆಳಗೆ "ಪರಿಶೀಲಿಸಿದವರು: ಶ್ರೀಮತಿ ಶ್ರೀವಿದ್ಯಾ" ಎಂದು ಸೇರಿಸಿ, ಕ್ಷಮೆ ಕೇಳಿ ಎಲ್ಲರಿಗೂ ಮತ್ತೆ ಕಳಿಸಿದೆ. ಗಿರಾಕಿಗಳು ಕೈಬಿಟ್ಟರೆಂದೇ ತಿಳಿದಿದ್ದೆ. ಆದರೆ ಈ ಕಥೆ ವಾಡಿ, ಚಿತ್ತಾಪುರದವರೆಗೂ ನಗುತ್ತಾ ಹೋಗಿ, ತಿಂಗಳೊಳಗೆ ಗಿರಾಕಿಗಳು ಮೂವತ್ತಾದರು! ನಂಟರಲ್ಲದವರೂ ಬಂದರು! ಚಿಂಚೋಳಿಯಿಂದೊಂದು ಈಮೇಲ್:

"ಶ್ರೀವಿದ್ಯಾ ಮೇಡಂ, ದಶಮಿಗೆ ಉಪವಾಸ ಮಾಡಿಸಿದ ಆ ಗುಮಾಸ್ತನ್ನ ತೆಗದೀರಿ ಹೌದಲ್ರೀ? ಹಂಗಿದ್ರ ನನಗೂ ಒಂದು ಕಳಸ್ರಿ."

"ಹೂಂ, ಉತ್ತರ ಹೊಡೀರಿ" ಎಂದಳು ಮೇಡಂ, ಬೆನ್ನ ಹಿಂದೆ ನಿಂತು. ಅವಳು ಹೇಳಿದಂತೆ ಅಕ್ಷರ ತಪ್ಪದೆ ಹೊಡೆದೆ:

"ಇನ್ನೂ ತೆಗದಿಲ್ರೀ. ಬ್ಯಾರೆ ಕಡಿ ಯಾರೂ ಇಟ್ಕೊಳ್ಳಂಗಿಲ್ಲ."