ಮಾಮನ ಅಳತೆಯ ಉಂಗುರ

ನಮ್ಮ ಸೋದರಮಾವ ಮನುಷ್ಯರನ್ನು ನೋಡುವುದಿಲ್ಲ, ಅಳೆಯುತ್ತಾರೆ! ಪೀಣ್ಯದ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತವರು. ಕೂದಲೆಳೆಯ ದಪ್ಪವನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರಿನ ಪೆಟ್ಟಿಗೆ ಸದಾ ಕಂಕುಳಲ್ಲೇ. ಅದನ್ನು ಮುಟ್ಟಲು ಅತ್ತೆಗೂ ಅಪ್ಪಣೆಯಿಲ್ಲ. ಒಮ್ಮೆ ಯಾರದೋ ಮದುವೆಯಲ್ಲಿ ಹೋಳಿಗೆಯನ್ನು ವರ್ನಿಯರಿಗೆ ಸಿಕ್ಕಿಸಿ, "ಈ ಕಡೆ ಮೂರು ಮಿಲ್ಲಿಮೀಟರು, ಆ ಕಡೆ ನಾಲ್ಕೂವರೆ. ರಿಜೆಕ್ಟ್!" ಎಂದು ಘೋಷಿಸಿದ್ದರು. ಆಮೇಲೆ ಅಂಥ ಆರು ರಿಜೆಕ್ಟ್ ಮಾಲನ್ನು ತುಪ್ಪ ಹಾಕಿಸಿಕೊಂಡು ತಿಂದರು.

ತೊಂಬತ್ತರ ದಶಕದಲ್ಲಿ, ನನ್ನ ನಿಶ್ಚಿತಾರ್ಥಕ್ಕೆ ಹದಿನೈದು ದಿನವಿದೆ ಎನ್ನುವಾಗ, ಇವರು "ಹುಡುಗಿಗೆ ಉಂಗುರ ನಾನೇ ಮಾಡ್ತೀನಿ" ಎಂದುಬಿಟ್ಟರು. ಉಂಗುರ ಮಾಡಿದ ಅನುಭವ? ಸೊನ್ನೆ!

"ಮಾಮ, ಅಕ್ಕಸಾಲಿಗರು ಇದಾರಲ್ಲ..."

"ಲೋ, ಬೆರಳು ಅಂದ್ರೆ ಏನೋ? ಒಂದು ಚಿಕ್ಕ ಶಾಫ್ಟು, ದುಂಡನೆ ಸರಳು! ಬೆಳ್ಳಿ, ತಾಮ್ರ, ಹಿತ್ತಾಳೆ ಮೂರೂ ಕರಗ್ಸಿ ಒಂದು ಮಾಡ್ತೀನಿ. ಬೆಳ್ಳಿಗೆ ಅಕ್ಕನ ಕಾಲುಂಗುರ ಕೊಡು."

ಅವರ ಅಕ್ಕನೆಂದರೆ ನನ್ನ ಅಮ್ಮ. ತೀರಿಕೊಂಡು ಮೂರು ವರ್ಷವಾಗಿತ್ತು. ಅಮ್ಮನದೆಂದು ನನ್ನ ಬಳಿ ಉಳಿದಿದ್ದು ಆ ಒಂದು ಜೊತೆ ಕಾಲುಂಗುರ ಮಾತ್ರ. ಸೊಸೆಯ ಕೈಯಲ್ಲಾದರೂ ಅಮ್ಮ ಇರಲಿ ಎಂಬ ಆಸೆಯಿಂದ ಕೊಟ್ಟೆ. ಕೊಟ್ಟ ಗಳಿಗೆಯಿಂದ ನನಗೆ ಅನ್ನ ಸೇರಲಿಲ್ಲ.

ದಿನಾ ಸಂಜೆ ಬಸ್ಸು ಹಿಡಿದು ಶೆಡ್ಡಿಗೆ ಓಡುತ್ತಿದ್ದೆ. ಮೊದಲ ಪ್ರಯೋಗ ತಾಮ್ರ, ಹಿತ್ತಾಳೆಯ ಚೂರುಗಳ ಮೇಲೆ. ಬಂದದ್ದು ಸೀದುಹೋದ ಬೆಲ್ಲದಂಥ ಒಂದು ಕಪ್ಪು ಉಂಡೆ! "ಟ್ರಯಲ್ ಪೀಸು ಕಣೋ" ಎಂದರು. ಎರಡನೆಯದು ಉಂಗುರವೇನೋ ಆಯಿತು, ಆದರೆ ಅವರ ಬೆರಳಿಗೇ ಸಿಕ್ಕಿಕೊಂಡಿತು. ಎರಡು ದಿನ ಊದಿದ ಬೆರಳನ್ನು ಮೇಲೆತ್ತಿಕೊಂಡೇ ಓಡಾಡಿದರು, ಕೊನೆಗೆ ಉಂಗುರವನ್ನು ಗರಗಸದಲ್ಲಿ ಕೊಯ್ದು ಬಿಡಿಸಬೇಕಾಯಿತು. ಮುಂದಿನ ಸರದಿ ಅಮ್ಮನ ಬೆಳ್ಳಿಯದು. ಶೆಡ್ಡಿಗೆ ಹೋದವನೇ ಕೈ ಚಾಚಿದೆ.

"ಮಾಮ, ಕಾಲುಂಗುರ ವಾಪಸ್ ಕೊಟ್ಬಿಡಿ."

"ಆಗ್ಲೇ ಕರಗಿಸ್ಬಿಟ್ಟೆ" ಎಂದರು, ಮುಖ ನೋಡದೆ.

ಅಳತೆಗೆಂದು ಹುಡುಗಿಯ ಮನೆಗೆ ಕಾಗದ ಬರೆದು, ಬೆರಳಿನ ಬುಡಕ್ಕೆ ಸುತ್ತಿ ಕತ್ತರಿಸಿದ ದಾರವನ್ನು ತರಿಸಿಕೊಂಡಿದ್ದರು. ಉಂಗುರವನ್ನು ಕಣ್ಣಿಗೆ ತೋರಿಸಿದ್ದು ನೆಲಮಂಗಲದ ಅವಳ ಮನೆಯಲ್ಲಿ, ನಿಶ್ಚಿತಾರ್ಥದ ದಿನವೇ. ಬೆಳ್ಳಿಯ ಬಳೆಯಂಥ ಸುತ್ತು, ಒಂದು ಕಡೆ ಒತ್ತಾಗಿ ಸುತ್ತಿದ ತಾಮ್ರದ ತಂತಿ, ಅದರ ಮೇಲೆ ಸಾಸಿವೆಯಷ್ಟು ಹಿತ್ತಾಳೆಯ ಗುಂಡು. ಸುಳ್ಳೇಕೆ, ಚೆನ್ನಾಗಿತ್ತು!

ಎಲ್ಲರೂ ನೋಡುತ್ತಿದ್ದಂತೆ ತೊಡಿಸಲು ಹೋದೆ. ಬೆರಳಿನ ಗೆಣ್ಣಿನವರೆಗೆ ಬಂದು ನಿಂತಿತು. ಒತ್ತಿದೆ. ಹುಡುಗಿ ತುಟಿ ಕಚ್ಚಿದಳು. ಅವಳ ಅಪ್ಪ ಕೆಮ್ಮಿದರು. ನನಗೆ ಬೆವರು! ಬುಡಕ್ಕಿಂತ ಗೆಣ್ಣು ದಪ್ಪ ಎಂಬುದು ಯಾವ ಶಾಫ್ಟನ್ನು ಕೆತ್ತಿದರೆ ಗೊತ್ತಾಗಬೇಕು ಹೇಳಿ?

"ಕೊಡೋ ಇಲ್ಲಿ" ಎಂದು ಮಾಮ ಉಂಗುರ ಕಿತ್ತುಕೊಂಡರು. ಉಗುರಿನಿಂದ ತಾಮ್ರದ ತಂತಿ ಬಿಚ್ಚಿದರು. ಒಳಗೆ ಬೆಳ್ಳಿಯ ಎರಡು ತುದಿಗಳು ಬಾಯಿಬಿಟ್ಟುಕೊಂಡಿದ್ದವು. ಅಮ್ಮನ ಕಾಲುಂಗುರ! ಕರಗಿಸಿರಲೇ ಇಲ್ಲ, ಅಗಲಿಸಿದ್ದರು ಅಷ್ಟೇ. ಇನ್ನಷ್ಟು ಅಗಲಿಸಿ, ಹುಡುಗಿಯ ಬೆರಳಿಗೆ ನನ್ನಿಂದ ತೊಡಿಸಿ, ತಾವೇ ಒತ್ತಿ ಮತ್ತೆ ತಂತಿ ಸುತ್ತಿದರು.

"ಕಾಲಿನದ್ದನ್ನ ಕೈಗಾ?" ಎಂದರು ಹುಡುಗಿಯ ಅಜ್ಜಿ.

"ನಮ್ಮಕ್ಕನ ಕಾಲು ಕಣಮ್ಮ. ಕಣ್ಣಿಗೂ ಒತ್ಕೋಬಹುದು" ಎಂದರು ಮಾಮ.

ಊಟಕ್ಕೆ ಮುಂಚೆ ಅವರನ್ನು ಮೂಲೆಗೆ ಕರೆದು ಕೇಳಿದೆ, "ಇನ್ನೊಂದು ಎಲ್ಲಿ ಮಾಮ?"

ಯಾರಿಗೂ ಮುಟ್ಟಗೊಡದ ಪೆಟ್ಟಿಗೆಯನ್ನು ತೆರೆದರು. ವರ್ನಿಯರ್ ಪಕ್ಕದಲ್ಲಿ, ಹತ್ತಿಯ ಮೇಲೆ, ಇನ್ನೊಂದು ಕಾಲುಂಗುರ ಮಲಗಿತ್ತು.

"ಇದೊಂದು ನನ್ನತ್ರ ಇರ್ಲಿ ಕಣೋ" ಎಂದರು. ಕೂದಲೆಳೆಯಷ್ಟೂ ತಪ್ಪದ ಆ ಕೈಗೆ ಪೆಟ್ಟಿಗೆಯ ಕೊಂಡಿ ಎರಡು ಸಲ ತಪ್ಪಿತು. ಅವರಿಂದ ಮುಚ್ಚಲು ಆಗದ ಆ ಪೆಟ್ಟಿಗೆಯನ್ನು ಅಂದು ಮೊದಲ ಸಲ ನಾನು ಮುಟ್ಟಿ ಮುಚ್ಚಿದೆ.